ಮಳೆಗೆ ಕಿಡಿ ಕೊಡದ ಗಾಡಿ

ಮೂರು ಗಂಟೆಗೆ ಹಿಡಿದ ಮಳೆ ಐದಾದರೂ ಬಿಟ್ಟಿರಲಿಲ್ಲ. ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಅದು ಸುರಿಯುತ್ತಿದ್ದ ರಭಸಕ್ಕೆ ಪಕ್ಕದಲ್ಲಿ ನಿಂತವರ ಮಾತನ್ನೂ ತುಟಿ ನೋಡಿಯೇ ತಿಳಿಯಬೇಕಿತ್ತು. ಒಳಗೆ ಗ್ರೀಸು, ಹಳೇ ರಬ್ಬರು, ಒದ್ದೆ ಮಣ್ಣು ಬೆರೆತ ವಾಸನೆ. ನಡುವೆ ನನ್ನ ಪಿಕಪ್ಪು ಬಾನೆಟ್ ಎತ್ತಿಕೊಂಡು, ಹಲ್ಲು ನೋವಿನವರು ಬಾಯಿ ತೆರೆದು ಕೂತ ಹಾಗೆ ನಿಂತಿತ್ತು.

ನಾನು ಬಡಗಿ. ಈ ಹಳೇ ಗಾಡಿಯನ್ನು ಬೇಸಿಗೆಯ ನಡುವೆ ಕೊಂಡಿದ್ದೆ. ಎರಡು ತಿಂಗಳು ಒಂದು ದಿನವೂ ತಕರಾರು ಮಾಡದೆ ಮರ, ಹಲಗೆ, ಬಾಗಿಲು ಹೊತ್ತು ತಿರುಗಿದ ಗಾಡಿ, ವರ್ಷದ ಮೊದಲ ದೊಡ್ಡ ಮಳೆ ಬಿದ್ದ ಕೂಡಲೇ, ಶಾಲೆಗೆಂದು ಮಾಡಿದ ಎಂಟು ಬೆಂಚುಗಳನ್ನು ಹೊತ್ತುಕೊಂಡೇ ಏರಿನಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಇಟ್ಟಿಗೆ ಲಾರಿಯವನು ಪುಣ್ಯಾತ್ಮ, ಹಗ್ಗ ಕಟ್ಟಿ ಇಲ್ಲಿಯವರೆಗೆ ಎಳೆದು ತಂದ. ತಂದವನು ಮಳೆ ನೋಡಿ ತಾನೂ ಇಲ್ಲೇ ಕೂತ. ಜೊತೆಗೆ ನನ್ನ ಹೆಂಡತಿ ಇದ್ದಳು. ಗಾಡಿ ಕೊಳ್ಳುವಾಗ ಬೇಡ ಎಂದಿದ್ದವಳು. ಆ ಮಾತನ್ನು ದಾರಿಯುದ್ದಕ್ಕೂ ಒಮ್ಮೆಯೂ ಆಡದೆ, ಅದೇ ಕಾರಣಕ್ಕೆ ನನ್ನನ್ನು ಹೆಚ್ಚು ಹೆದರಿಸಿದ್ದಳು.

ಗ್ಯಾರೇಜಿನ ಮೇಸ್ತ್ರಿ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ದೀಪ ಹಾಕಿ ನೋಡಿದ. ಚೆನ್ನಾಗಿ ಉರಿಯಿತು, ಬ್ಯಾಟರಿ ಸರಿ. ಒಂದು ಪ್ಲಗ್ ಬಿಚ್ಚಿ ಮೂಸಿದ, ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. "ಎಣ್ಣೆ ಬರ್ತಿದೆ, ಕಿಡಿ ಬರ್ತಿಲ್ಲ," ಎಂದ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಇಕ್ಕಳದಲ್ಲಿ ಹಿಡಿದು, ಇಂಜಿನ್ನಿನ ಕಬ್ಬಿಣಕ್ಕೆ ಒಂದು ಗೋಧಿಕಾಳಿನಷ್ಟು ದೂರ ಇಟ್ಟುಕೊಂಡು, ಸೀಟಿನಲ್ಲಿ ಕೂತಿದ್ದ ನನ್ನ ಹೆಂಡತಿಗೆ ಕೂಗಿದ: "ಅಕ್ಕಾ, ಸೆಲ್ಫ್ ಹೊಡೀರಿ!" ಅವಳು ಕೀ ತಿರುಗಿಸಿದಳು. ಇಂಜಿನ್ನು ಗರಗರನೆ ತಿರುಗಿತು. ವೈರಿನ ತುದಿಯಲ್ಲಿ ಏನೂ ಇಲ್ಲ. ಕಪಾಟಿನಿಂದ ಬೇರೆ ಕಾಯಿಲ್ ತಂದು ಹಾಕಿದ. ಮತ್ತೆ ಕೂಗಿದ, ಮತ್ತೆ ತಿರುಗಿತು, ಮತ್ತೆ ಏನೂ ಇಲ್ಲ. ಆಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒರೆಸಿ, ಒಳಗಿನ ಪಾಯಿಂಟುಗಳನ್ನು ಅರದಲ್ಲಿ ಉಜ್ಜಿ, ಕಂಡೆನ್ಸರ್ ಬದಲಿಸಿದ. ಅಷ್ಟು ಹೊತ್ತಿಗೆ ನಾನು ಹಿಂದೆ ಬೆಂಚುಗಳ ಮೇಲಿನ ಟಾರ್ಪಾಲು ಬಿಗಿಯುತ್ತಿದ್ದೆ. ಮಳೆಯ ಸದ್ದಿನೊಳಗಿಂದ ಅವನು "ಅಕ್ಕಾ, ಹೊಡೀರಿ!" ಎಂದದ್ದೂ ಇಂಜಿನ್ನು ತಿರುಗಿದ್ದೂ ಕೇಳಿಸಿತು. ಬಂದು ನೋಡಿದರೆ ಅವನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದ.

ಮೂಲೆಯ ಸ್ಟವ್ ಮೇಲೆ ಟೀ ಕಾಯುತ್ತಿತ್ತು. ಕಾಯಿಸುತ್ತಿದ್ದವನು ಮೇಸ್ತ್ರಿಯ ಮಾವ. ಹಿಂದೆ ಈ ಗ್ಯಾರೇಜ್ ನಡೆಸುತ್ತಿದ್ದವನು, ಈಗ ಹಳೇ ಟಯರುಗಳ ಮೇಲೆ ಕೂತು ದಿನ ಕಳೆಯುವ ಎಪ್ಪತ್ತೈದರ ಮುದುಕ. ನನ್ನ ಹೆಂಡತಿ ಅವನ ಪಕ್ಕದಲ್ಲಿ ಮಗುಚಿದ ಡಬ್ಬದ ಮೇಲೆ ಕೂತು ಲೋಟ ಹಿಡಿದಿದ್ದಳು. ನಾವೂ ಸುತ್ತ ಕೂತೆವು.

"ಮೂರು ಸಲ ನೋಡಿದೆ ಮಾವ, ಒಂದು ಚೂರೂ ಕಿಡಿ ಇಲ್ಲ," ಎಂದ ಮೇಸ್ತ್ರಿ.

"ಎರಡು ಸಲ," ಎಂದಳು ನನ್ನ ಹೆಂಡತಿ.

"ಮೂರು ಅಕ್ಕಾ."

"ಕೀ ತಿರುಗಿಸಿದ್ದು ನಾನು. ನನ್ನ ಕೈಗೆ ಗೊತ್ತಿಲ್ವಾ?"

"ಮೇಸ್ತ್ರಿ, ಸೋತುಬಿಡಿ," ಎಂದ ಲಾರಿಯವನು. "ಗಂಡನ ತಪ್ಪು ಎಣಿಸಿ ಎಣಿಸಿ ಪಳಗಿದ ಕೈ ಅದು."

ನಾವು ನಕ್ಕೆವು. ಮುದುಕ ನಗಲಿಲ್ಲ. ಎದ್ದ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಪಿಕಪ್ಪಿನ ಹತ್ತಿರ ಹೋಗಿ, ಬಾಗಿಲು ತೆಗೆದು, ಬಗ್ಗಿ, ಕಾಲಿಡುವಲ್ಲಿನ ರಬ್ಬರ್ ಚಾಪೆ ಎತ್ತಿ ಏನನ್ನೋ ಬೆರಳಲ್ಲಿ ಸವರಿದ. ತುಂಬ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಮರಳಿ ಬಂದು ಕೂತಾಗ ಅವನ ಮುಖದ ಬಣ್ಣ ಇಳಿದಿತ್ತು.

"ವೈರು ಕೆಳಗಿಡಪ್ಪಾ," ಎಂದ ಅಳಿಯನಿಗೆ. "ಮಳೆ ನಿಲ್ಲೋವರೆಗೂ ಅದು ಕಿಡಿ ಕೊಡಲ್ಲ. ನೀನು ಹೊಸ ಇಂಜಿನ್ನೇ ತಂದು ಕೂರಿಸಿದ್ರೂ ಕೊಡಲ್ಲ."

"ಯಾಕೆ ಮಾವ?"

ಮುದುಕ ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಅದರೊಳಗೇ ನೋಡುತ್ತ ಶುರು ಮಾಡಿದ.

"ಹತ್ರ ಬನ್ನಿ ಎಲ್ಲಾ... ಈ ಸದ್ದಲ್ಲಿ ಕೂಗಿ ಹೇಳೋ ಕತೆ ಅಲ್ಲ ಇದು. ಬಡಗಿಯವರೇ, ನಿಮ್ಮ ಗಾಡಿ ಒಳಗೆ, ಕಾಲಿಡೋ ಜಾಗದಲ್ಲಿ, ಒಂದು ದುಂಡನೆ ತಗಡು ರಿವೆಟ್ ಹೊಡೆದು ಕೂರಿಸಿದೆ, ನೋಡಿದೀರಾ? ಅದೇನು ಅಂತ ಯೋಚನೆ ಮಾಡಿದ್ರಾ? ಹಾಲಿನ ಕ್ಯಾನಿನ ಮುಚ್ಚಳ ಅದು. ನೆಲ ತುಕ್ಕು ತಿಂದು ತೂತಾಗಿ ನಮ್ಮಕ್ಕನ ಕಾಲಿಗೆ ಕೆಸರು ಹಾರ್ತಿತ್ತು ಅಂತ, ನಾನೇ ತಟ್ಟಿ ತಟ್ಟಿ ಚಪ್ಪಟೆ ಮಾಡಿ ಹಾಕಿದ್ದು, ಈ ಕೈಯಲ್ಲೇ... ಗಾಡಿಗೆ ಎಷ್ಟು ಬಣ್ಣ ಬಳಿದಿದಾರೆ, ಎಷ್ಟು ಕೈ ಬದಲಾಗಿದೆ, ಆದ್ರೆ ಆ ಮುಚ್ಚಳ ಯಾರೂ ಕಿತ್ತಿಲ್ಲ ನೋಡಿ.

"ನಮ್ಮಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಅನ್ನೋನು ಇದ್ದೂ ಇಲ್ಲದ ಹಾಗೆ, ಆಮೇಲೆ ಇಲ್ಲವೇ ಇಲ್ಲ. ನನ್ನ ಎತ್ತಿ ಬೆಳೆಸಿದ್ದು ಅವಳು. ನೋಡೋಕೆ ಬಂದ ಗಂಡುಗಳಿಗೆಲ್ಲ ಒಂದೇ ಷರತ್ತು, ತಮ್ಮನೂ ನನ್ನ ಜೊತೆ ಬರ್ತಾನೆ ಅಂತ. ಷರತ್ತು ಕೇಳಿದ ಮೇಲೆ ಎರಡನೇ ಲೋಟ ಕಾಫಿಗೆ ಕೂತವರು ಯಾರೂ ಇಲ್ಲ... ಹಾಗೇ ವಯಸ್ಸು ದಾಟಿಹೋಯ್ತು, ಅವಳು ಈ ಗಾಡಿ ತಗೊಂಡಳು. 'ಇದಕ್ಕೆ ಷರತ್ತಿಲ್ಲ ಮರಿ, ಪೆಟ್ರೋಲ್ ಹಾಕಿದ್ರೆ ಆಯ್ತು' ಅಂತಿದ್ಲು. ಮರಿ ಅಂತಲೇ ಕರೀತಿದ್ದಿದ್ದು ನನ್ನ, ಮೀಸೆ ಬಂದ ಮೇಲೂನು, ಮದುವೆ ಆದ ಮೇಲೂನು! ಕುಳ್ಳಿ ಅವಳು. ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕ್ಕೊಂಡು ಕೂತರೇನೇ ರಸ್ತೆ ಕಾಣೋದು. ಹಿಂಗೆ ಗೋಣು ಚಾಚಿಕೊಂಡು, ಹಳ್ಳಿ ಹಳ್ಳಿ ಸುತ್ತಿ ಹಾಲಿನ ಕ್ಯಾನ್ ಹೇರಿಕೊಂಡು, ಹೊಳೆ ಸೇತುವೆ ದಾಟಿ ಪೇಟೆ ಡೇರಿಗೆ ಹಾಕಿ ಬರೋಳು, ಒಂದಲ್ಲ ಎರಡಲ್ಲ, ಹದಿನಾರು ವರ್ಷ.

"ನಾನು ಮೇಸ್ತ್ರಿ ಆಗಿದ್ದೇ ಆ ಗಾಡಿಯಿಂದ. ಅದು ಕೆಡೋದು, ನಾನು ಬಿಚ್ಚೋದು. ಕಿಡಿ ನೋಡೋ ಕೆಲಸ ಇದೆಯಲ್ಲ, ಅದು ಒಬ್ಬರ ಕೈಲಿ ಆಗೋದಲ್ಲ, ಈಗ ನೋಡಿದಿರಲ್ಲ... ಒಬ್ಬ ಇಲ್ಲಿ ವೈರು ಹಿಡೀಬೇಕು, ಇನ್ನೊಬ್ಬರು ಒಳಗೆ ಕೂತು ಕೀ ತಿರುಗಿಸಬೇಕು. ನಾನು ಇಲ್ಲಿಂದ 'ಅಕ್ಕಾ, ಹೊಡಿ' ಅಂತ ಕೂಗೋದು. ಅವಳು ಹೊಡೆದು, ಬಾನೆಟ್ ಅಡ್ಡ ಇರೋದ್ರಿಂದ ಏನೂ ಕಾಣಲ್ವಲ್ಲ, ಒಳಗಿಂದ ಕೇಳೋಳು, 'ಬಂತಾ?' ಅಂತ. ಕಿಡಿ ಹಾರಿದ್ರೆ ನಾನು 'ಬಂತು!' ಅನ್ನೋದು. ಅಷ್ಟು ಸಾಕು, ಒಳಗೆ ಕೂತೇ ಚಪ್ಪಾಳೆ ತಟ್ಟೋಳು. ನಲವತ್ತು ದಾಟಿದ ಹೆಂಗಸು, ಚಪ್ಪಾಳೆ! ದಾರೀಲಿ ನಿಂತ್ರೆ ಕಷ್ಟ ಅಂತ ನಾನು ಅವಳಿಗೆ ಎಲ್ಲಾ ಕಲಿಸಿದ್ದೆ... ಮೊದಲು ಪ್ಲಗ್ ನೋಡು, ಆಮೇಲೆ ದಪ್ಪ ವೈರು, ಆಮೇಲೆ ಮುಚ್ಚಳ ತೆಗೆದು ಒಳಗೆ ತಿರುಗೋ ರೋಟರ್ ಇದೆಯಾ, ಪಸೆ ಹಿಡಿದಿದೆಯಾ, ಒರೆಸು. ಎಲ್ಲಾ ಕಲಿಸಿದ್ದೆ. ಒಂದು ಬಿಟ್ಟು."

ಮುದುಕ ಟೀ ಗುಟುಕರಿಸಿದ. ಅದು ಆರಿಹೋಗಿರಬೇಕು; ಗೊತ್ತಾದ ಹಾಗೆ ಕಾಣಲಿಲ್ಲ.

"ಆ ವರ್ಷ ಮಳೆ ಹಿಂಗೇ. ಮೂರು ದಿನ ಬಿಡದೆ ಹೊಡೆದು ಸೇತುವೆ ಮೇಲೆ ಮೊಣಕಾಲುದ್ದ ನೀರು. ಹಿಂದಿನ ವರ್ಷ ಅದೇ ಸೇತುವೆ ಮೇಲಿಂದ ಒಂದು ಮರಳು ಲಾರಿ ಕೊಚ್ಚಿಕೊಂಡು ಹೋಗಿತ್ತು, ಅದರ ಡ್ರೈವರನ್ನ ಹುಡುಕಿ ಎತ್ತಿದವರಲ್ಲಿ ನಾನೂ ಒಬ್ಬ. ಆ ಮುಖ ನೋಡಿದೀನಿ ನಾನು... ಬೆಳಿಗ್ಗೆ ಅಕ್ಕ ಹೊರಡ್ತೀನಿ ಅಂದ್ಲು. ನಾನು ಬೇಡ ಅಂದೆ. 'ಹೋಗಲೇಬೇಕು ಮರಿ' ಅಂದ್ಲು. 'ಹಾಲು ಒಂದು ದಿನ ಕೆಟ್ಟರೆ ಕೆಡಲಿ, ಯಾವನ ಗಂಟು ಹೋಗುತ್ತೆ' ಅಂತ ರೇಗಿದೆ. ಬೇರೆ ದಿನ ಆಗಿದ್ರೆ ನನ್ನ ಹತ್ತು ಮಾತಿಗೆ ಇಪ್ಪತ್ತು ಎಸೀತಿದ್ಲು. ಅವತ್ತು ಎಸೀಲಿಲ್ಲ. ಹೊಸಿಲ ಮೇಲೆ ಕೂತು ಎಡಗೈನ ಬಲಗೈಲಿ ಹಿಂಗೆ ಒತ್ತಿಕೊಳ್ತಾ, 'ಹೋಗಿ ಬಂದುಬಿಡ್ತೀನಿ ಕಣೋ, ಬೇಗ' ಅಂದ್ಲು. ಕ್ಯಾನ್ ಎತ್ತಿ ಎತ್ತಿ ಕೈ ನೋಯ್ತಿರಬೇಕು ಅಂದುಕೊಂಡೆ... ಕೇಳಬಹುದಿತ್ತಲ್ವಾ? ಏನಕ್ಕಾ, ಕೈ ಯಾಕೆ ಅಂತ ಒಂದು ಮಾತು ಕೇಳೋಕೆ ಏನು ರೋಗ ಬಂದಿತ್ತು ನನಗೆ?

"ನಾನು ಸೀದಾ ಕೊಟ್ಟಿಗೆಗೆ ಹೋದೆ. ಬಾನೆಟ್ ಎತ್ತಿದೆ. ರೋಟರ್ ಕಿತ್ತು ಜೇಬಿಗೆ ಹಾಕ್ಕೊಂಡ್ರೆ ಅವಳಿಗೆ ಗೊತ್ತಾಗುತ್ತೆ. ವೈರು ಕಿತ್ರೂ ಗೊತ್ತಾಗುತ್ತೆ. ಅದಕ್ಕೇ... ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರೋ ಒಂದು ಕಳ್ಳಕೆಲಸ ಇದೆ. ಪಾಯಿಂಟ್ ಅಂತೀವಲ್ಲ, ಎರಡು ಸಣ್ಣ ಲೋಹದ ತುದಿ, ಸೇರೋದು ಬಿಡೋದು, ಸೇರೋದು ಬಿಡೋದು, ಅದರಿಂದಲೇ ಕಿಡಿ. ಉಜ್ಜಿದ ಮೇಲೆ ಅದರ ಮಧ್ಯೆ ಒಂದು ಚೂರು ಕಾಗದ ತೂರಿಸಿ ಎಳೆದು ಪುಡಿ ತೆಗೀತೀವಿ. ಆ ಕಾಗದ ಎಳೀದೆ ಅಲ್ಲೇ ಬಿಟ್ರೆ? ಎರಡು ತುದಿ ಸೇರೋದೇ ಇಲ್ಲ. ಕಿಡಿ ಇಲ್ಲ. ಮೇಲಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ. ಡ್ಯಾಶ್‌ಬೋರ್ಡ್ ಮೇಲೆ ಮಡಚಿದ ಒಂದು ಚೀಟಿ ಬಿದ್ದಿತ್ತು. ಡೇರಿಯವರದ್ದೇನೋ ಅಂದುಕೊಂಡೆ. ಅಂಚಿಂದ ಉಗುರಗಲ ಹರಿದೆ, ತೂರಿಸಿದೆ, ಮುಚ್ಚಳ ಹಾಕಿದೆ. ಅಕ್ಕನ್ನ ಉಳಿಸಿಕೊಂಡೆ ಅಂತ ಖುಷಿ ಆಯ್ತು ನನಗೆ... ನಿಜ ಹೇಳ್ತೀನಿ, ಖುಷಿ ಆಯ್ತು. ಸೈಕಲ್ ಹತ್ತಿ ಹಿಟ್ಟಿನ ಗಿರಣಿ ಮೋಟಾರ್ ರಿಪೇರಿಗೆ ಹೋದೆ. ನನ್ನ ಹೆಂಡತಿ ತವರಲ್ಲಿದ್ಲು. ಸಿಟ್ಟಲ್ಲಿ ಎರಡು ಗಂಟೆ ಬೈಕೊಂಡು ಆಮೇಲೆ ಅಡುಗೆ ಮಾಡಿ ಇಟ್ಟಿರ್ತಾಳೆ ಅಂತ ಲೆಕ್ಕ ಹಾಕಿಕೊಂಡು ಸಾವಕಾಶ ಸಂಜೆ ಮಾಡಿಕೊಂಡೇ ಬಂದೆ.

"ಬಂದೆ. ಮನೆ ಬಾಗಿಲು ತೆಗೆದಿತ್ತು. ಒಲೆ ಹಚ್ಚಿರಲಿಲ್ಲ. ಕೊಟ್ಟಿಗೆಗೆ ಹೋದೆ...

"ಬಾನೆಟ್ ಎತ್ತಿತ್ತು. ನಾಲ್ಕೂ ಪ್ಲಗ್ ಬಿಚ್ಚಿ, ಒರೆಸಿ, ಮಡ್‌ಗಾರ್ಡ್ ಮೇಲೆ ಸಾಲಾಗಿ ಇಟ್ಟಿದ್ಲು, ನಾನು ಕಲಿಸಿದ ಹಾಗೆ, ಒಂದನೇದು ಎಡಕ್ಕೆ. ಮುಚ್ಚಳ ತೆಗೆದು ರೋಟರ್ ಒರೆಸಿ ವಾಪಸ್ ಹಾಕಿದ್ಲು. ದಪ್ಪ ವೈರು ಕಿತ್ತಿದ್ಲು. ಆದ್ರೆ ಹಿಡಿಯೋರು ಯಾರಿದ್ರು? ಅದಕ್ಕೆ, ತಲೆ ಕಟ್ಟೋ ಟೇಪ್ ಬಿಚ್ಚಿ, ಅದರಲ್ಲಿ ವೈರನ್ನ ಇಂಜಿನ್‌ಗೆ ಒಂದು ಕಾಳಿನಷ್ಟು ದೂರಕ್ಕೆ ಕಟ್ಟಿ, ತಾನು ಒಳಗೆ ಹೋಗಿ ಕೂತು ಕೀ ತಿರುಗಿಸಿ, ಬಾನೆಟ್ ಕೆಳಗಿನ ಸಂದಿಯಿಂದ ಬಗ್ಗಿ ಬಗ್ಗಿ ನೋಡಿದಾಳೆ. ಕುಳ್ಳಿ ಅಲ್ವಾ, ಕಾಣಲಿ ಅಂತ ಗೋಣಿಚೀಲ ಇನ್ನೊಂದು ಮಡಿಕೆ ಎತ್ತರ ಮಾಡಿಕೊಂಡಿದ್ಲು. ಇಬ್ಬರು ಮಾಡೋ ಕೆಲಸನ ಒಬ್ಬಳೇ... ಎಷ್ಟು ಸಲ ಇಳಿದು ಹತ್ತಿದ್ಲೋ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಅವಳು ಸ್ಟೇರಿಂಗ್ ಮೇಲೆ ಕೆನ್ನೆ ಇಟ್ಟು ಮಲಗಿದ್ಲು. ಕೈ ಕೀ ಮೇಲೇ ಇತ್ತು. ತಣ್ಣಗಿತ್ತು."

ಲಾರಿಯವನು ತಲೆ ತಗ್ಗಿಸಿದ್ದ. ನನ್ನ ಹೆಂಡತಿ ಲೋಟವನ್ನು ನೆಲಕ್ಕಿಟ್ಟಳು.

"ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಕ್ಕಾ ಅಂತ ಅಳಲಿಲ್ಲ. ಯಾರಿಗೂ ಹೇಳಿ ಕಳಿಸಲಿಲ್ಲ. ಪಾಯಿಂಟ್ ಮಧ್ಯದಿಂದ ಆ ಕಾಗದದ ಚೂರು ತೆಗೆದೆ. ಮೊದಲು ಅದು! ಜನ ಬರೋ ಮೊದಲು. ಆಮೇಲೆ ಡ್ಯಾಶ್‌ಬೋರ್ಡ್ ಮೇಲಿನ ಚೀಟಿ ಬಿಡಿಸಿ ನೋಡಿದೆ. ಪೇಟೆ ಆಸ್ಪತ್ರೇದು. ಅವತ್ತಿನದೇ ತಾರೀಕು, ಎದೆ ಪರೀಕ್ಷೆಗೆ ಬರಬೇಕು ಅಂತ. ಕೆಳಗೆ ಕೆಂಪು ಶಾಯೀಲಿ, ನೋವು ಎಡಗೈಗೆ ಇಳಿದ್ರೆ ತಾರೀಕು ಕಾಯದೆ ಕೂಡಲೇ ಬನ್ನಿ ಅಂತ. ನನಗೆ ಹೇಳೇ ಇರಲಿಲ್ಲ ಅವಳು. ಹೊಸದಾಗಿ ಮದುವೆ ಆದವನು, ಯಾಕೆ ಭಯ ಬೀಳಿಸೋದು ಅಂದುಕೊಂಡ್ಲೋ ಏನೋ. ಅಂಚು ಹರಿದಿತ್ತು... ಚೂರು ಇಟ್ಟು ನೋಡಿದೆ. ಕೂತುಕೊಳ್ತು.

"ಸೇತುವೆ ಮೇಲಿನ ನೀರು ಮಧ್ಯಾಹ್ನಕ್ಕೇ ಇಳಿದಿತ್ತು ಅಂತೆ. ಬಸ್ಸು ದಾಟಿ ಹೋಯ್ತಂತೆ.

"ಊರವರೆಲ್ಲ ಏನಂದ್ರು? ಪಾಪ, ಹಾಳು ಬ್ಯಾಟರಿ ಕೈ ಕೊಡ್ತು ಅಂದ್ರು. ನನ್ನ ಹೆಗಲು ತಟ್ಟಿದ್ರು. ನಾನು ಹೂಂ ಅಂದೆ. ನನ್ನ ಹೆಂಡತಿ ಸಾಯೋವರೆಗೂ ಹೂಂ ಅಂದೆ. ಈ ನನ್ನ ಅಳಿಯನ ಹೆಂಡತಿ, ನನ್ನ ಮಗಳು, ಅವಳಿಗೆ ಅತ್ತೆ ಹೆಂಗೆ ಹೋದ್ರು ಅಂತ ಗೊತ್ತಿರೋದು ಆ ಬ್ಯಾಟರಿ ಕತೇನೇ..."

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಬೆರಳುಗಳನ್ನೇ ಮತ್ತೆ ಒಂದೊಂದಾಗಿ ಒರೆಸುತ್ತಿದ್ದ. "ಮಾವ..." ಎಂದ.

"ತಡಿಯಪ್ಪಾ, ಮುಗಿದಿಲ್ಲ. ಮುಂದಿನ ಮಳೆಗಾಲ. ಗಾಡಿ ಕೊಟ್ಟಿಗೇಲೇ ಇತ್ತು, ಬ್ಯಾಟರಿ ತೆಗೆದು ಯಾರಿಗೋ ಕೊಟ್ಟುಬಿಟ್ಟಿದ್ದೆ. ಹಿಂಗೇ ಸಂಜೆ ಹೊತ್ತು, ಹಿಂಗೇ ಮಳೆ. ಕೊಟ್ಟಿಗೆಯಿಂದ ಸದ್ದು ಬಂತು... ಗರ್... ಗರ್... ಗರ್... ನೀವೇ ಹೇಳಿ, ಬ್ಯಾಟರಿ ಇಲ್ಲದ ಇಂಜಿನ್ ತಿರುಗುತ್ತಾ? ಹೋಗಿ ನೋಡಿದೆ. ಒಳಗೆ ಯಾರೂ ಇಲ್ಲ. ಆದ್ರೆ ಸೀಟಿನ ಮೇಲಿನ ಗೋಣಿಚೀಲ ತಗ್ಗಾಗಿತ್ತು, ಕೂತ ಹಾಗೆ. ಭಯ ಆಯ್ತಾ ಅಂತ ಕೇಳ್ತೀರಾ? ಇಲ್ಲ. ಓಡಿಹೋಗಿ ಬಾನೆಟ್ ಎತ್ತಿದೆ, ವೈರು ಕಿತ್ತೆ, ಹಿಡಿದುಕೊಂಡೆ. 'ಅಕ್ಕಾ, ಹೊಡಿ' ಅಂದೆ. ತಿರುಗ್ತು. ಕಿಡಿ ಇಲ್ಲ. ಪಾಯಿಂಟ್ ಬಿಚ್ಚಿ ನೋಡಿದೆ, ಕಾಗದ ಇಲ್ಲ, ಏನೂ ಇಲ್ಲ, ಕನ್ನಡಿ ಹಾಗಿದೆ. ಹೊಸ ಪಾಯಿಂಟ್ ಹಾಕಿದೆ. ಕಿಡಿ ಇಲ್ಲ. ಮಳೆ ಸದ್ದಿನ ಮಧ್ಯೆ ಕೇಳಿಸ್ತು... 'ಬಂತಾ?'

"ಏನಂತ ಹೇಳಲಿ? ಒಂದು ಸಲ ತಡೆಯೋಕಾಗದೆ 'ಬಂತು ಅಕ್ಕಾ' ಅಂದುಬಿಟ್ಟೆ. ಸುಳ್ಳು. ಅವಳು ಇಂಜಿನ್ ಹತ್ತಿಕೊಳ್ಳುತ್ತೆ ಅಂತ ಕಾದಳು. ಹತ್ತಲಿಲ್ಲವಲ್ಲ... ಮತ್ತೆ ಹೊಡೆಯೋಕೆ ಶುರು ಮಾಡಿದ್ಲು. ಬೈದಿದ್ರೆ ತಡ್ಕೋಬಹುದಿತ್ತು. ಶಾಪ ಹಾಕಿದ್ರೂ ತಡ್ಕೋಬಹುದಿತ್ತು. ನಾನು ಮಾಡಿದ್ದು ಅಂತ ಅವಳಿಗೆ ಇನ್ನೂ ಗೊತ್ತೇ ಇಲ್ಲ. ನಾನು ಸರಿ ಮಾಡ್ತೀನಿ ಅಂತ ನಂಬಿಕೊಂಡು ಕೂತಿದಾಳೆ.

"ಎರಡು ಮಳೆಗಾಲ ವೈರು ಹಿಡಿದೆ. ಮೂರನೇದಕ್ಕೆ ಹೇಡಿ ಹಾಗೆ ಮಾರಿಬಿಟ್ಟೆ. ಕಲ್ಲು ಕ್ವಾರಿಯವನು ತಗೊಂಡ, ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ... ಬೇಸಿಗೇಲಿ ಕುದುರೆ ಹಾಗೆ ಓಡುತ್ತೆ, ಮಳೆಗೆ ಕಿಡಿ ಕೊಡಲ್ಲ ಅಂತ ಮಾತು ಕಿವಿಗೆ ಬೀಳ್ತಿತ್ತು. ನಲವತ್ತು ವರ್ಷ ಆಯ್ತು. ಇವತ್ತು ನೀವು ಎಳ್ಕೊಂಡು ಬಂದು ನನ್ನ ಬಾಗಿಲಿಗೇ ನಿಲ್ಲಿಸಿದ್ರಿ."

ಅವನು ಕನ್ನಡಕದ ಡಬ್ಬಿ ತೆಗೆದ. ಒಳಗಿನ ಬಟ್ಟೆಯ ಅಡಿಯಿಂದ ಹಳದಿಯಾದ, ಉಗುರಗಲದ ಕಾಗದದ ಚೂರೊಂದನ್ನು ಅಂಗೈ ಮೇಲಿಟ್ಟುಕೊಂಡು ತೋರಿಸಿದ. ನಡುವೆ ಎರಡು ಸಣ್ಣ ಕಪ್ಪು ಗುರುತು ಒತ್ತಿತ್ತು. ಯಾರೂ ಮುಟ್ಟಲಿಲ್ಲ. ಅವನೇ ಮತ್ತೆ ಒಳಗಿಟ್ಟ.

"ಹೋಗ್ಲಿ ಬಿಡಿ ಅಜ್ಜಾ," ಎಂದ ಲಾರಿಯವನು. "ಆದದ್ದು ಆಗಿಹೋಯ್ತು. ನಲವತ್ತು ವರ್ಷದ ಮಾತು."

"ನಲವತ್ತು ವರ್ಷದ ಮಾತಾ?" ಮುದುಕ ಅವನತ್ತ ತಿರುಗಿದ. "ನೀವು ನಕ್ಕಿರಲ್ಲ ಆಗಲೇ, ಎರಡು ಸಲಾನೋ ಮೂರು ಸಲಾನೋ ಅಂತ? ಇಬ್ಬರೂ ಸರಿ. ಮೊದಲ ಎರಡು ಸಲ ಈ ತಾಯಿ ಒಳಗಿದ್ರು. ಆಮೇಲೆ ಟೀ ಕುಡೀತೀನಿ ಅಂತ ಇಳಿದು ಬಂದು ಇಲ್ಲೇ ನನ್ನ ಪಕ್ಕ ಕೂತ್ರು, ಸ್ಟವ್ ಸದ್ದಲ್ಲಿ ಅವರಿಗೆ ಏನೂ ಕೇಳಿಸಿರಲಿಕ್ಕಿಲ್ಲ. ನೀನು ಬಗ್ಗಿ ಕಂಡೆನ್ಸರ್ ಹಾಕ್ತಿದ್ದೆ ಅಳಿಯಾ, ನೋಡಲಿಲ್ಲ. ಬಡಗಿಯವರು ಹಿಂದೆ ಇದ್ರು. ನಾನು ನೋಡ್ತಿದ್ದೆ. ನೀನು 'ಅಕ್ಕಾ, ಹೊಡೀರಿ' ಅಂತ ಕೂಗಿದೆ..." ಅವನು ನನ್ನ ಹೆಂಡತಿಯ ಕಡೆ ನೋಡಿದ. "ಇಂಜಿನ್ ತಿರುಗ್ತು. ಕೀ ಎಲ್ಲಿದೆ ತಾಯೀ?"

ನನ್ನ ಹೆಂಡತಿ ನಿಧಾನವಾಗಿ ಎಡಗೈ ಬಿಡಿಸಿದಳು. ಗಾಡಿಯಿಂದ ಇಳಿಯುವಾಗಲೇ ಕಿತ್ತು ತಂದಿದ್ದ ಕೀ ಅವಳ ಅಂಗೈಯಲ್ಲಿ ಬೆವರಿನಿಂದ ಒದ್ದೆಯಾಗಿ ಬಿದ್ದಿತ್ತು.

ಯಾರೂ ಪಿಕಪ್ಪಿನ ಕಡೆ ಕತ್ತು ತಿರುಗಿಸಲಿಲ್ಲ. ಮಾಡಿನ ಮೇಲೆ ಮಳೆ ಇನ್ನಷ್ಟು ಬಿರುಸಾಯಿತು. ಮುದುಕ ಮೊಣಕಾಲು ಹಿಡಿದುಕೊಂಡು ಎದ್ದ. ಅಳಿಯನ ಮುಂದೆ ಬಿದ್ದಿದ್ದ ಇಕ್ಕಳ ಕೈಗೆತ್ತಿಕೊಂಡ.

"ನೀವು ಟೀ ಕುಡೀರಿ," ಎಂದ. "ಸದ್ದು ಬಂದ್ರೆ ಹೆದರಬೇಡಿ. ಕೈ ನೋವು ಜಾಸ್ತಿ ಆದ ಮೇಲೆ ಅವಳೇ ನಿಲ್ಲಿಸ್ತಾಳೆ. ಅಲ್ಲೀವರೆಗೆ ವೈರು ಹಿಡಿಯೋಕೆ ಒಬ್ಬರು ಬೇಕಲ್ಲ..."